ಚಾಚಾರ ತೊಡೆಯ ಮೇಲೆ ನಮ್ಮ ಬೆಕ್ಕು

ನನಗೆ ಸಂಶಯ ಜಾಸ್ತಿ. ಇದು ನನ್ನ ಮಾತಲ್ಲ. ಮದುವೆಯಾದ ವರ್ಷದಿಂದ ನಮ್ಮನೆಯವರು ಹೇಳುತ್ತ ಬಂದ ಮಾತು. ಹಾಲಿನವನು ಬೆಳಿಗ್ಗೆ ನಗುನಗುತ್ತ ಬಂದರೆ ಇವತ್ತು ನೀರು ಒಂದು ಕೈ ಹೆಚ್ಚೇ ಬಿದ್ದಿದೆ ಎಂದುಕೊಳ್ಳುತ್ತೇನೆ. ಕಾಯಿಪಲ್ಲೆಯವಳು ಕೇಳದೆಯೇ ಕೊತ್ತಂಬರಿ ಕೊಟ್ಟರೆ ಚೀಲದ ಬದನೆಕಾಯಿಗಳನ್ನು ಅಲ್ಲೇ ಸುರುವಿ ಹುಳದ ತೂತು ಹುಡುಕುತ್ತೇನೆ. ತಿಕೋಟಾದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು ನಾನು. ಪರೀಕ್ಷೆಯ ಕೋಣೆಗಳಲ್ಲಿ ನಿಂತು ನಿಂತು ಕಣ್ಣಿಗೆ ಒಂದು ಚಾಳಿ ಬಿದ್ದಿದೆ. ನಕಲು ಮಾಡುವ ಹುಡುಗರು ಚೀಟಿಯಿಂದ ಸಿಕ್ಕಿಬೀಳುವುದಿಲ್ಲ, ಕೈಯಿಂದ ಸಿಕ್ಕಿಬೀಳುತ್ತಾರೆ. ಬರೆಯುತ್ತಿದ್ದ ಕೈ ಎಲ್ಲಿ ನಿಂತಿತು ಎಂದು ನೋಡಿದರೆ ಸಾಕು, ಉಳಿದದ್ದು ತಾನಾಗಿ ತಿಳಿಯುತ್ತದೆ.

ಈ ಚಾಳಿಯಿಂದಲೇ ನಾನು ಚದುರಂಗದಲ್ಲಿ ಪಕ್ಕದ ಮನೆಯ ಚಾಚಾರನ್ನು ಸೋಲಿಸತೊಡಗಿದ್ದು. ಅದಕ್ಕೆ ನೆರವಾದದ್ದು ನಮ್ಮ ಬೆಕ್ಕು. ಅದು ನಮ್ಮ ಬೆಕ್ಕೋ ಅವರ ಬೆಕ್ಕೋ ಎನ್ನುವುದೇ ಆಮೇಲೆ ದೊಡ್ಡ ತಕರಾರಾಯಿತು.

ವಿಜಯಪುರದಲ್ಲಿ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ನಮ್ಮದೂ ಚಾಚಾರದೂ ಅಂಟಿಕೊಂಡ ಮನೆಗಳು. ನಡುವಿನ ಗೋಡೆ ಒಂದೇ. ಆ ಕಡೆ ಮೆಣಸಿನಕಾಯಿ ಕುಟ್ಟಿದರೆ ಈ ಕಡೆ ಸೀನು ಬರುತ್ತದೆ. ಚಾಚಾ ಸ್ಟೇಷನ್ ರಸ್ತೆಯಲ್ಲಿ ಬಹಳ ವರ್ಷ ಟೇಲರ್ ಅಂಗಡಿ ನಡೆಸಿದವರು. ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿ, ಹೊಲಿಗೆಯಂತ್ರವನ್ನು ತಮ್ಮನ ಮಗನಿಗೆ ಕೊಟ್ಟು ಮನೆಯಲ್ಲಿ ಕೂತಿದ್ದರು. ಮಕ್ಕಳಿರಲಿಲ್ಲ. ಗಂಡ ಹೆಂಡತಿ ಇಬ್ಬರೇ.

ಬೆಕ್ಕನ್ನು ನಾನು ತಂದದ್ದು ಬಬಲೇಶ್ವರದಿಂದ, ನನ್ನ ತವರಿನಿಂದ. ಹೋದ ವರ್ಷ ಯುಗಾದಿಗೆ ಹೋಗಿದ್ದಾಗ, ನಮ್ಮ ಮನೆಯಲ್ಲಿ ಇಲಿಗಳು ಅಕ್ಕಿಯ ಡಬ್ಬಿಯ ಮುಚ್ಚಳ ತೆಗೆಯುವುದನ್ನೂ ಕಲಿತಿವೆ ಎಂದು ಅವ್ವನ ಮುಂದೆ ಗೋಳಾಡಿದ್ದೆ. ಹಿತ್ತಲ ಕಟ್ಟಿಗೆಯ ಸಂದಿಯಲ್ಲಿ ಬೆಕ್ಕು ಮರಿ ಹಾಕಿತ್ತು. ಅವ್ವ ಸೊಂಟ ಹಿಡಿದುಕೊಂಡೇ ಬಗ್ಗಿ, ಸಂದಿಗೆ ಕೈ ಹಾಕಿ, ಒಂದನ್ನು ಬಿಟ್ಟು ಒಂದನ್ನು ಮುಟ್ಟಿ ನೋಡಿ, ಬೂದಿಬಣ್ಣದ ಪಟ್ಟೆಯ ಮರಿಯೊಂದನ್ನು ಹೊರತೆಗೆದಳು.

"ಇದನ್ನ ಒಯ್ಯಿ. ನೋಡ್ ಹೆಂಗ ನೋಡಾಕತ್ತೈತಿ, ಥೇಟ್ ನಿನ್ನಂಗ. ಯಾರ್ನೂ ನಂಬೂ ಪೈಕಿ ಅಲ್ಲ" ಎಂದಳು.

ಆಷಾಢದಲ್ಲಿ ಅವ್ವ ಹೋಗಿಬಿಟ್ಟಳು. ಅಣ್ಣ ತೋಟದಲ್ಲಿ ಮನೆ ಕಟ್ಟಿಸಿಕೊಂಡು ಅಲ್ಲಿಗೆ ಹೋದ. ಊರೊಳಗಿನ ಮನೆಗೆ ಬೀಗ ಬಿತ್ತು. ಬಬಲೇಶ್ವರ ಈಗಲೂ ಅಲ್ಲೇ ಇದೆ, ಬಸ್ಸು ಈಗಲೂ ಹೋಗುತ್ತದೆ, ಆದರೆ ಇಳಿದು ಯಾರ ಮನೆಗೆ ಹೋಗಲಿ? ಅವ್ವ ಕೈಯಾರೆ ಆರಿಸಿಕೊಟ್ಟ ಕೊನೆಯ ವಸ್ತು ಆ ಬೆಕ್ಕು. ಸೀರೆ, ಪಾತ್ರೆ ಎಲ್ಲ ಅತ್ತಿಗೆಯ ಪಾಲಾದವು. ಬೆಕ್ಕನ್ನು ಮಾತ್ರ ಯಾರೂ ಕೇಳುವಂತಿರಲಿಲ್ಲ.

ಆದರೆ ಬೆಕ್ಕಿಗೆ ಇದೆಲ್ಲ ಎಲ್ಲಿ ಗೊತ್ತು? ನಮ್ಮ ಮನೆಗೆ ಬಂದು ಒಂದು ತಿಂಗಳಾಗುವುದರೊಳಗೆ ಹಾಲು ರೊಟ್ಟಿಗೆ ಮೂಗು ಮುರಿಯತೊಡಗಿತು. ಉಪವಾಸ ಇರುವ ಬೆಕ್ಕು ಸೊರಗಬೇಕಲ್ಲವೇ? ಇದು ದಿನದಿನಕ್ಕೆ ಹೊಳೆಯುತ್ತಿತ್ತು. ನನಗೆ ಅನುಮಾನ ಬಂತು. ಒಂದು ರವಿವಾರ ಅದರ ಹಿಂದೆಯೇ ಹೋದೆ. ಗೋಡೆ ಹಾರಿ ನೇರ ಚಾಚಾರ ಅಡಿಗೆಮನೆಗೆ ಹೋಯಿತು. ಚಾಚಿ ನೆಲದ ಮೇಲೆ ಕೂತು ಬಾಯಲ್ಲಿ "ಬೇಟಿ, ಬೇಟಿ" ಎಂದು ಮಗಳನ್ನು ಕರೆದಂತೆ ಕರೆಯುತ್ತ ಕೋಳಿಯ ಕಾಳಿಜವನ್ನು, ಅದೇ ಲಿವರನ್ನು, ಸಣ್ಣಗೆ ಹರಿದು ತಿನ್ನಿಸುತ್ತಿದ್ದರು.

"ಚಾಚಿ, ನಾವು ಮನ್ಯಾಗ ತತ್ತೀನೂ ತರೂದಿಲ್ರಿ. ನಮ್ಮ ಬೆಕ್ಕಿಗಿ ಇದೇನ್ ರೂಢಿ ಹಚ್ಚೀರಿ?" ಎಂದು ಬಾಗಿಲಲ್ಲೇ ನಿಂತು ಕೇಳಿದೆ.

ಚಾಚಿ ತಲೆ ಎತ್ತಲೂ ಇಲ್ಲ. "ನೀವು ಸಾಲ್ಯಾಗ ಹುಡುಗೂರಿಗಿ ಕಲಸ್ರಿ ಅಕ್ಕೋರ. ಬೆಕ್ಕಿಗಿ ಬ್ಯಾಡ್ರಿ" ಎಂದರು.

ಅವರ ಮೇಲೆ ಸಿಟ್ಟು ಮಾಡಿಕೊಂಡು ಒಂದು ವಾರ ಮಾತು ಬಿಟ್ಟಿದ್ದೆ. ಬೆಕ್ಕು ಮಾತ್ರ ಎರಡೂ ಮನೆಗೆ ಓಡಾಡಿಕೊಂಡು ಹಾಯಾಗಿತ್ತು. ಇಲಿ ಹಿಡಿಯುವುದು ನಮ್ಮ ಮನೆಯಲ್ಲಿ, ಊಟ ಅವರ ಮನೆಯಲ್ಲಿ, ನಿದ್ದೆ ಎಲ್ಲಿ ನೆರಳಿದೆಯೋ ಅಲ್ಲಿ. ಚಾಚಿ ಹಾಸಿಗೆ ಹಿಡಿದಾಗ ಅದು ಅವರ ಕಾಲ ಬುಡದಲ್ಲಿಯೇ ಮಲಗುತ್ತಿತ್ತು. ಕರೆದರೂ ನಮ್ಮ ಕಡೆ ಬರುತ್ತಿರಲಿಲ್ಲ. ದೀಪಾವಳಿಗೆ ಮೊದಲೇ ಚಾಚಿ ತೀರಿಕೊಂಡರು. ಮಣ್ಣು ಮುಗಿಸಿ ಬಂದ ಚಾಚಾ ಖಾಲಿ ಮಂಚದ ಹತ್ತಿರ ನಿಂತು, ಕಾಲ ಬುಡದಲ್ಲಿ ಕೂತಿದ್ದ ಬೆಕ್ಕನ್ನೇ ನೋಡುತ್ತಿದ್ದದ್ದು ನನಗೆ ಕಿಟಕಿಯಿಂದ ಕಂಡಿತ್ತು.

ಆಮೇಲೊಂದು ಸಂಜೆ ಬೆಕ್ಕನ್ನು ಕರೆಯಲು ಹೋದವಳು ಅವರ ಕಟ್ಟೆಯ ಮೇಲೆ ಚದುರಂಗದ ಹಾಸು ಕಂಡೆ. ಚಾಚಾ ಒಬ್ಬರೇ ಕೂತು ಬಿಳಿಯದನ್ನೂ ಕಪ್ಪನ್ನೂ ತಾವೇ ನಡೆಸುತ್ತಿದ್ದರು. ಕಪ್ಪು ಪ್ಯಾದೆಯೊಂದು ಕಳೆದುಹೋಗಿತ್ತು; ಅದರ ಜಾಗದಲ್ಲಿ ಕೋಟಿನ ದೊಡ್ಡ ಗುಂಡಿ ಇಟ್ಟಿದ್ದರು. ಬೆಕ್ಕು ತೊಡೆಯ ಮೇಲೆ. ನಾನು ಸುಮ್ಮನೆ ವಾಪಸ್ಸು ಬರಬಹುದಿತ್ತು. ಆದರೆ ತಪ್ಪು ಕಂಡಾಗ ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾತಕದಲ್ಲಿಲ್ಲ.

"ಆ ಒಂಟಿ ಪುಗ್ಸಟ್ಟೆ ಹೊಂಟೈತಲ್ರಿ" ಎಂದೆ, ಒಂಟೆಯ ಕಾಯಿ ತೋರಿಸಿ.

ಚಾಚಾ ತಲೆ ಎತ್ತಿ ನೋಡಿದರು. ಅವರ ಕಣ್ಣಲ್ಲಿ ಬಹಳ ದಿನಗಳ ಮೇಲೆ ಒಂದು ಬೆಳಕು ಬಂತು. "ಕುಂಡ್ರಿ ಹಂಗಾರ" ಎಂದರು.

ನಾನು ಆಟ ಕಲಿತದ್ದು ಅಜ್ಜನಿಂದ, ಊರ ಕಟ್ಟೆಯ ಮೇಲೆ. ನಮ್ಮ ಕಡೆಯ ಹಳೆಯ ಆಟದ ಪದ್ಧತಿ ಬೇರೆ. ಶಾಲೆಯ ಮಕ್ಕಳಿಗೆ ನಾನು ಕಲಿಸುವುದು ಪುಸ್ತಕದ ಆಟ; ಕಟ್ಟೆಯ ಆಟದಲ್ಲಿ ಪ್ಯಾದೆ ಒಂದೇ ಮನೆ ನಡೆಯುತ್ತದೆ, ಮತ್ತು ಇನ್ನೂ ಒಮ್ಮೆಯೂ ಶಹ ಬೀಳದ ರಾಜ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆಯಂತೆ ಜಿಗಿಯಬಹುದು. ಒಮ್ಮೆ ಶಹ ಬಿತ್ತೋ, ಜಿಗಿತ ಹೋಯಿತು. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಚಾಚಾರಿಗೆ ಗೊತ್ತಿದ್ದದ್ದು ಆ ಆಟವೊಂದೇ. ಆ ಜಿಗಿತದಲ್ಲಿ ಅವರು ಪಳಗಿದ ಕೈ. ಇನ್ನೇನು ರಾಜ ಸಿಕ್ಕಿಬಿದ್ದ ಎಂದು ನಾನು ಸೆರಗು ಕೊಡವಿಕೊಳ್ಳುವಷ್ಟರಲ್ಲಿ ಟಣಕ್ಕನೆ ಜಿಗಿದು ಮೂಲೆಗೆ ಹೋಗಿ ಕೂತಿರುತ್ತಿದ್ದ.

ಶಾಲೆ ಮುಗಿಸಿ ತಿಕೋಟಾದ ಬಸ್ಸಿಳಿದು ಬಂದು, ಚಹಾ ಕುಡಿದು, ಕಟ್ಟೆಗೆ ಹೋಗಿ ಕೂರುವುದು ಅಭ್ಯಾಸವಾಯಿತು. ಮೊದಮೊದಲು ಬರೀ ಸೋಲು. ಸೋತವರಿಗೆ ಗೆದ್ದವರ ಮೇಲೆ ಅನುಮಾನ ಬರುವುದು ಸಹಜ. ನಾನು ಅವರ ಕೈಯನ್ನೇ ನೋಡತೊಡಗಿದೆ.

ಅವರ ಬಲಗೈ ಕಾಯಿ ನಡೆಸುತ್ತಿತ್ತು. ಎಡಗೈ ಇಡೀ ಹೊತ್ತು ಬೆಕ್ಕಿನ ಮೈಮೇಲೆ, ಕಿವಿಯಿಂದ ಬಾಲದವರೆಗೆ, ಬಟ್ಟೆಯ ಸುಕ್ಕು ತೆಗೆದಂತೆ ಓಡಾಡುತ್ತಿತ್ತು. ಆಟ ಸಪ್ಪಗಿದ್ದಾಗ ಕೈ ಓಡುತ್ತಲೇ ಇರುತ್ತಿತ್ತು, ಬೆಕ್ಕು ಗುರುಗುಟ್ಟುತ್ತ ನಿದ್ದೆ ಮಾಡುತ್ತಿತ್ತು. ಚಾಚಾರಿಗೆ ಏನೋ ಒಂದು ಒಳ್ಳೆಯ ನಡೆ ಹೊಳೆದರೆ ಆ ಕೈ ನಿಂತುಬಿಡುತ್ತಿತ್ತು. ಮುಖ ಕಲ್ಲಿನಂತೆ ಹಾಗೇ ಇರುತ್ತಿತ್ತು, ಅದರಿಂದ ಏನೂ ತಿಳಿಯದು. ಆದರೆ ಕೈ ನಿಂತದ್ದನ್ನು ಬೆಕ್ಕು ಸಹಿಸದು. ಒಂದು ಕಣ್ಣು ತೆಗೆದು, ತಲೆ ಎತ್ತಿ, ಯಾಕೆ ನಿಲ್ಲಿಸಿದಿರಿ ಎಂದು ಅವರನ್ನು ನೋಡುತ್ತಿತ್ತು. ಅಷ್ಟು ಸಾಕಿತ್ತು ನನಗೆ. ಬೆಕ್ಕು ತಲೆ ಎತ್ತಿದರೆ ನಾನು ಕಾಯಿಗೆ ಚಾಚಿದ ಕೈಯನ್ನು ಹಿಂದೆ ತೆಗೆದು, ಎಲ್ಲಿ ಗುಂಡಿ ತೋಡಿದ್ದಾರೆ ಎಂದು ಹಾಸನ್ನೆಲ್ಲ ಜಾಲಾಡುತ್ತಿದ್ದೆ. ಹುಡುಕಿದರೆ ಸಿಗುತ್ತಿತ್ತು.

ಗೆಲ್ಲತೊಡಗಿದೆ. ಇದು ಮೋಸವೇ? ಬೆಕ್ಕು ನನ್ನದು, ಕಣ್ಣು ನನ್ನದು. ಬೇರೆಯವರ ತೊಡೆಯ ಮೇಲೆ ಕೂತು ನನ್ನ ಮನೆಯ ಬೆಕ್ಕು ನನ್ನ ಕಡೆ ಕೆಲಸ ಮಾಡಿದರೆ ತಪ್ಪೇನು? ನಮ್ಮನೆಯವರಿಗೆ ಹೇಳಿದೆ. ಅವರು ಕಳ್ಳಕವಟಗಿ ಸುತ್ತಿನ ದ್ರಾಕ್ಷಿ ತೋಟಗಳಿಗೆ ಔಷಧಿ ಮಾರುವವರು. ಮೈತುಂಬ ಧೂಳು ಮಾಡಿಕೊಂಡು ಬಂದು ಆಗಷ್ಟೇ ಊಟಕ್ಕೆ ಕೂತಿದ್ದರು.

"ಅಲ್ಲಬೇ, ಬೆಕ್ಕಿನ ಕಡಿಂದ ಕಾಪಿ ಹೊಡ್ಯಾಕತ್ತೀ? ನಾಳಿ ಸಾಲಿ ಹುಡುಗೂರಿಗಿ ಯಾವ ಬಾಯಿಲೆ ಬೈತಿ?" ಎಂದು ನಕ್ಕರು.

ಅವರು ನಕ್ಕಿದ್ದರಿಂದ ನನಗೆ ಹೊಸ ಸಂಶಯ ಹುಟ್ಟಿತು. ಚಾಚಾರಿಗೆ ಇದು ಗೊತ್ತಿಲ್ಲದೇ ಇರುತ್ತದೆಯೇ? ಗಿರಾಕಿ ಬಾಗಿಲು ದಾಟುವಾಗಲೇ ಸೊಂಟದ ಅಳತೆ ಹೇಳುತ್ತಿದ್ದ ಮನುಷ್ಯ. ಮಾರನೆಯ ದಿನದಿಂದ ಅವರ ಕೈ ಸುಮ್ಮಸುಮ್ಮನೆ ನಿಲ್ಲತೊಡಗಿದಂತೆ ಕಂಡಿತು. ಬೆಕ್ಕು ತಲೆ ಎತ್ತುತ್ತಿತ್ತು, ನಾನು ಹಾಸನ್ನೆಲ್ಲ ಹುಡುಕುತ್ತಿದ್ದೆ, ಏನೂ ಸಿಗುತ್ತಿರಲಿಲ್ಲ. ಹೆದರಿ ಹಿಂದೆ ಸರಿದರೆ ಅವರು ಮುಂದೆ ಬರುತ್ತಿದ್ದರು. ಬೇಕಂತಲೇ ಮಾಡುತ್ತಾರೋ, ಕೈಗೆ ಜೋಮು ಹಿಡಿದಿತ್ತೋ? ಕೇಳುವ ಹಾಗಿಲ್ಲ. ಕೇಳಿದರೆ ನನ್ನ ಗುಟ್ಟು ನಾನೇ ಬಿಟ್ಟುಕೊಟ್ಟಂತೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗಾಗಿತ್ತು ನನ್ನ ಸ್ಥಿತಿ. ಕಡೆಗೆ ಬೆಕ್ಕಿನ ಮೇಲೂ ನಂಬಿಕೆ ಹೋಯಿತು. ಕಾಳಿಜ ತಿಂದ ಬಾಯಿ ಅದು. ಯಾರ ಕಡೆ ಎಂದು ಹೇಗೆ ಹೇಳುವುದು?

ಸಂಕ್ರಾಂತಿಯ ಹೊತ್ತಿಗೆ ಚಾಚಾ ಸುದ್ದಿ ಹೇಳಿದರು. ತಮ್ಮನ ಮಗ ತಿಕೋಟಾದಲ್ಲಿದ್ದಾನೆ, ಬಾ ಎಂದು ಕರೆಯುತ್ತಿದ್ದಾನೆ, ಮನೆ ಖಾಲಿ ಮಾಡುತ್ತೇನೆ ಎಂದರು. ನನಗೆ ನಿಜವಾಗಿ ಬೇಸರವಾಯಿತು. ಆದರೆ ಅದನ್ನು ಹೇಳುವಷ್ಟರಲ್ಲಿ ಅವರು ಇನ್ನೊಂದು ಮಾತು ಹೇಳಿದರು.

"ಅಕ್ಕೋರ, ಬೇಟಿನ್ನ ನಾ ಕರಕೊಂಡ ಹೋಗ್ತೀನ್ರಿ."

"ಯಾವ ಬೇಟಿ?" ಎಂದೆ, ಗೊತ್ತಿದ್ದೂ.

ಅವರು ತೊಡೆಯ ಮೇಲಿದ್ದುದರ ಬೆನ್ನು ಸವರಿದರು.

"ಆಗೂದಿಲ್ರಿ ಚಾಚಾ. ಅದು ನಮ್ಮವ್ವ ಕೊಟ್ಟದ್ದು."

"ಗೊತ್ತೈತ್ರಿ. ಕೊಟ್ಟದ್ದು ನಿಮ್ಮವ್ವ. ಜ್ವಾಪಾನ ಮಾಡಿದ್ದು ನಮ್ಮಾಕಿ."

"ನಾನೇನ್ ಉಪಾಸ ಕೆಡವಿದ್ನೇನ್ರಿ?"

ಮಾತು ಬೆಳೆಯಿತು. ಅವರೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಇಷ್ಟು ದಿನ ನನ್ನೊಡನೆ ಆಡಿದ್ದೇ ಬೆಕ್ಕನ್ನು ತೊಡೆಗೆ ರೂಢಿ ಮಾಡಿಕೊಳ್ಳಲು ಇರಬೇಕು ಎಂದುಕೂಡ ನನಗೆ ಅನಿಸಿತು. ಕೊನೆಗೆ ಚಾಚಾ ಹಾಸಿನ ಕಡೆ ಕೈ ತೋರಿಸಿ, "ಗೆದ್ದವರು ಒಯ್ಯೂಣು. ಒಂದ ಆಟ. ಆಮ್ಯಾಲ ಯಾರೂ ತಕರಾರ್ ಮಾಡಬಾರದು" ಎಂದರು. ಬೆಕ್ಕನ್ನು ಪಣಕ್ಕಿಡುವುದೇ ಎಂದು ಒಮ್ಮೆ ಮನಸ್ಸು ಹಿಂಜರಿಯಿತು. ಆದರೆ ನನ್ನ ಹತ್ತಿರ ಗುಟ್ಟಿತ್ತಲ್ಲ. ಹೂಂ ಎಂದೆ.

ರವಿವಾರ ಮಧ್ಯಾಹ್ನ ಕೂತೆವು. ನಮ್ಮನೆಯವರು ಸಾಕ್ಷಿಗೆಂದು ಬಂದು ಗೋಡೆಗೊರಗಿ ಪೇಪರ್ ಓದುತ್ತ ಕೂತರು. ಬೆಕ್ಕು ಎಂದಿನಂತೆ ಚಾಚಾರ ತೊಡೆ ಏರಿತು. ಈಚೆಗೆ ಅದು ತೀರಾ ದಪ್ಪಗಾಗಿತ್ತು, ಏರುವಾಗ ಏದುಸಿರು. ಚಾಚಿ ಹೋದ ಮೇಲೂ ಚಾಚಾ ಕದ್ದು ಕೋಳಿ ತಿನ್ನಿಸುತ್ತಿದ್ದಾರೆ ಎಂದು ನಾನು ಆಗಲೇ ತೀರ್ಮಾನಿಸಿದ್ದೆ.

ಆಟ ನಿಧಾನಕ್ಕೆ ನಡೆಯಿತು. ಒಂದು ಹಂತದಲ್ಲಿ ಅವರ ರಾಜ ತನ್ನದೇ ಪ್ಯಾದೆಗಳ ಹಿಂದೆ ಸಿಕ್ಕಿಕೊಂಡ. ಮುಂದಿನ ನಡೆಗೆ ನನ್ನ ಆನೆ ಕೊನೆಯ ಸಾಲಿಗೆ ಇಳಿದರೆ ಶಹ, ಅಲ್ಲಿಗೆ ಮಾತ್. ಆದರೆ ನಡೆ ಅವರದಿತ್ತು. ಅವರ ರಾಜನಿಗೆ ಇನ್ನೂ ಒಮ್ಮೆಯೂ ಶಹ ಬಿದ್ದಿರಲಿಲ್ಲ. ಜಿಗಿಯಲು ಜಾಗ ಖಾಲಿ ಬಿದ್ದಿತ್ತು. ಜಿಗಿದರೆ ರಾಜ ಪಾರು, ನನ್ನ ಆನೆಯೇ ಸಿಕ್ಕಿಬೀಳುತ್ತಿತ್ತು.

ನಾನು ಹಾಸು ನೋಡಲಿಲ್ಲ. ಅವರ ಎಡಗೈ ನೋಡಿದೆ. ಅದು ಬೆಕ್ಕಿನ ಪಕ್ಕೆಯ ಮೇಲೆ ಓಡುತ್ತಿದ್ದದ್ದು ಗಕ್ಕನೆ ನಿಂತಿತು. ಬೆಕ್ಕು ತಲೆ ಎತ್ತಿತು. ಜಿಗಿತ ಕಂಡುಬಿಟ್ಟರು ಎಂದುಕೊಂಡೆ. ಬೆಕ್ಕು ಹೋಯಿತು, ಅವ್ವನ ಬೆಕ್ಕು ಹೋಯಿತು. ಚಾಚಾ ಕೈಯನ್ನು ಬೆಕ್ಕಿನ ಹೊಟ್ಟೆಯ ಕಡೆಗೆ ಒಂದಿಷ್ಟು ಸರಿಸಿ ಮತ್ತೆ ನಿಲ್ಲಿಸಿದರು. ಆಮೇಲೆ ಹಾಸಿನ ಈ ತುದಿಯಲ್ಲಿದ್ದ, ಯಾವುದಕ್ಕೂ ಸಂಬಂಧವಿಲ್ಲದ ಪ್ಯಾದೆಯೊಂದನ್ನು ಒಂದು ಮನೆ ಮುಂದೆ ತಳ್ಳಿದರು.

ನಾನು ಆನೆ ಇಳಿಸಿದೆ. "ಶಹ" ಎಂದೆ.

"ಮಾತ್ ಆತಲ್ರಿ" ಎಂದು ಅವರೇ ಹೇಳಿ, ರಾಜನನ್ನು ಅಡ್ಡ ಮಲಗಿಸಿ, ಬೆಕ್ಕನ್ನು ಎರಡೂ ಕೈಯಿಂದ ಎತ್ತಿ ನನ್ನ ಮಡಿಲಿಗೆ ಹಾಕಿದರು.

"ರಾಜ ಯಾಕ ಜಿಗೀಲಿಲ್ರಿ ಚಾಚಾ?"

"ಮರತೆನ್ರಿ" ಎಂದು ಎದ್ದು ಒಳಗೆ ಹೋದರು.

ಮರೆತರಂತೆ! ಉಂಡ ಊಟ ಮರೆತಾರು, ಆ ಜಿಗಿತ ಮರೆಯುವವರಲ್ಲ ಅವರು. ಗೆದ್ದ ಬೆಕ್ಕನ್ನು ಎತ್ತಿಕೊಂಡು ಮನೆಗೆ ಬಂದೆ, ಆದರೆ ಒಂದು ಚೂರೂ ಖುಷಿಯಿರಲಿಲ್ಲ. ಕೇಳದೆ ಕೊಟ್ಟ ಕೊತ್ತಂಬರಿಯೇ ನನಗೆ ಪಚನವಾಗುವುದಿಲ್ಲ. ಇನ್ನು ಕೈಗೆ ಬಂದ ಆಟವನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ? ಇದರಲ್ಲಿ ಏನೋ ಇದೆ. ಬೆಕ್ಕಿಗೆ ರೋಗವಿರಬೇಕು, ಸಾಯುವ ಬೆಕ್ಕನ್ನು ನನ್ನ ತಲೆಗೆ ಕಟ್ಟಿ ಹೊರಟಿದ್ದಾರೆ ಎನಿಸಿತು. ಬೆಕ್ಕನ್ನು ಚಾಪೆಯ ಮೇಲೆ ಕೆಡವಿ ಕಿವಿಯೊಳಗೆ ನೋಡಿದೆ, ಬಾಯಿ ತೆರೆಸಿ ಒಸಡು ನೋಡಿದೆ, ಬಾಲ ಎತ್ತಿ ನೋಡಿದೆ.

"ಗೆದ್ದೀ ಅಲ್ಲಬೇ, ಇನ್ನೂ ಏನ್ ಹುಡುಕಾಕತ್ತೀ?" ಎಂದರು ನಮ್ಮನೆಯವರು.

"ಯಾಕ ಗೆದ್ದೆ ಅಂತ ಹುಡುಕಾಕತ್ತೀನಿ" ಎಂದೆ.

ಚಾಚಾರ ಕೈ ನಿಂತ ಜಾಗ ನೆನಪಾಯಿತು. ಅಲ್ಲೇ, ಪಕ್ಕೆಯಿಂದ ಸ್ವಲ್ಪ ಕೆಳಗೆ, ನನ್ನ ಕೈ ಇಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಅಂಗೈಗೆ ಒಳಗಿನಿಂದ ಏನೋ ಮೆಲ್ಲಗೆ ತಾಗಿತು. ಒಂದು ಕಡೆ, ಮತ್ತೆ ಇನ್ನೊಂದು ಕಡೆ. ಒಳಗೆ ಮರಿಗಳು ಮಿಸುಕುತ್ತಿದ್ದವು. ಕೋಳಿ ತಿಂದು ಊದಿದ್ದಲ್ಲ ಅದು. ಅವ್ವನ ಬೆಕ್ಕು ಬಸುರಿಯಾಗಿತ್ತು, ಎಲ್ಲರ ಮೇಲೂ ಕಣ್ಣಿಟ್ಟ ನನಗೆ ಅದು ಕಂಡಿರಲಿಲ್ಲ.

ಮರುದಿನ ಶಾಲೆಗೆ ಹೊರಡುವ ಮುಂಚೆ ಅವರ ಮನೆಗೆ ಹೋದೆ. ಚಾಚಾ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು.

"ನಿಮಗ ಆಟದಾಗ ಗೊತ್ತಾತೇನ್ರಿ?"

"ಹೂನ್ರಿ. ಕೈಗಿ ತಾಕ್ಯಾವು" ಎಂದರು. ತಲೆ ಬಗ್ಗಿಸಿಕೊಂಡೇ ಗಂಟು ಕಟ್ಟುತ್ತಿದ್ದರು. "ಚೊಚ್ಚಲ ಹೆರಿಗಿ ಅಕ್ಕೋರ. ಅದು ತವರಮನ್ಯಾಗ ಆಗಬೇಕ್ರಿ. ನಿಮ್ಮಲ್ಲೂ ಅಷ್ಟ, ನಮ್ಮಲ್ಲೂ ಅಷ್ಟ. ಬಸುರಿನ್ನ ಚೀಲದಾಗ ಕಟ್ಟಿ, ಟೆಂಪೋದಾಗ ಹಾಕ್ಕೊಂಡು, ಗೊತ್ತಿಲ್ಲದ ಊರಿಗಿ ಒಯ್ದರ ನಮ್ಮಾಕಿ ನನ್ನ ಬಿಟ್ಟಾಳೇನ್ರಿ?"

"ಹಂಗಂತ ಹೇಳಬಹುದಿತ್ತಲ್ರಿ. ಸೋಲೂದ್ಯಾಕ ಬೇಕಿತ್ತು?"

"ಹೇಳಿದ್ರ ನೀವು ನಂಬತಿದ್ದಿರೇನ್ರಿ?"

ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ. ಬಸ್ಸಿನಲ್ಲಿ ಕೂತಾಗ ಅವರ ಒಂದು ಮಾತೇ ತಲೆಯೊಳಗೆ ಸುತ್ತುತ್ತಿತ್ತು. ಬೆಕ್ಕಿಗೆ ನನ್ನ ಮನೆ ತವರುಮನೆಯಂತೆ. ಬೀಗ ಬಿದ್ದ ಮನೆಯ ಮಗಳು ನಾನು. ಬಸುರಿಗೆ ಸೀರೆ ಉಡಿಸಿ ಕುಬಸ ಮಾಡಿ ಕರೆದುಕೊಂಡು ಬರುವುದು, ಬಾಣಂತನ ಮಾಡುವುದು ಎಲ್ಲ ಅವ್ವನ ಜೊತೆಗೇ ಹೋಯಿತು ಎಂದುಕೊಂಡಿದ್ದೆ. ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತೆ. ಪಕ್ಕದಲ್ಲಿದ್ದವಳು ಕಣ್ಣಿಗೆ ಧೂಳು ಬಿತ್ತೇನ್ರಿ ಎಂದು ಕೇಳಿದಳು, ಹೂಂ ಎಂದೆ.

ಚಾಚಾ ಹೋದರು. ಅಟ್ಟದ ಕೆಳಗಿನ ಮೂಲೆಯಲ್ಲಿ ಹಳೆಯ ಸೀರೆ ಹಾಸಿ ಬೆಕ್ಕಿಗೆ ಜಾಗ ಮಾಡಿದೆ. ಮರಿ ಹಾಕಿತು. ಜನ್ಮದಲ್ಲಿ ಮೊದಲ ಸಲ, ನಮ್ಮನೆಯವರ ಕೈಯಲ್ಲಿ ಕೋಳಿಯ ಕಾಳಿಜ ತರಿಸಿ, ಹಿತ್ತಲಲ್ಲಿ ಬೇರೆ ಪಾತ್ರೆಯಲ್ಲಿ, ಮೂಗಿಗೆ ಸೆರಗು ಕಟ್ಟಿಕೊಂಡು ಬೇಯಿಸಿದೆ. ಬಾಣಂತಿಗೆ ಬೇಕಾದ್ದು ಕೊಡಬೇಕಲ್ಲ. ಮರಿಗಳು ಓಡಾಡತೊಡಗಿದ ಮೇಲೆ ಕೆಲವನ್ನು ನಮ್ಮನೆಯವರು ದ್ರಾಕ್ಷಿ ತೋಟದವರಿಗೆ ಕೊಟ್ಟರು. ತಾಯಿಯಂತೆಯೇ ಬೂದಿ ಪಟ್ಟೆಯಿದ್ದ ಒಂದನ್ನು ನಾನು ಚಾಚಾರಿಗೆಂದು ಇಟ್ಟುಕೊಂಡೆ. ಅವರ ಋಣ ಇದರಿಂದ ಮುಗಿಯುತ್ತದೆ ಎನ್ನುವ ಲೆಕ್ಕ ನನ್ನದು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಬುಟ್ಟಿಯಲ್ಲಿ ಮರಿ ಇಟ್ಟುಕೊಂಡು ತಿಕೋಟಾದ ಅವರ ಮನೆ ಹುಡುಕಿಕೊಂಡು ಹೋದೆ. ಚಾಚಾ ಬಡಕಲಾಗಿದ್ದರು. ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯಿಂದ ಬಾಲದವರೆಗೆ ಕೈ ಆಡಿಸಿದರು. ಮರಿ ಕೈಗೆ ಉಗುರು ಹಾಕಿ ಆಟಕ್ಕಿಳಿಯಿತು. ಅವರು ನಕ್ಕರು. ಆಮೇಲೆ ಅದನ್ನು ಮೆಲ್ಲಗೆ ಎತ್ತಿ ಬುಟ್ಟಿಗೆ ಹಾಕಿದರು.

"ಚೊಲೊ ಐತ್ರಿ ಮರಿ. ಆದರ ಇದಕ್ಕ ನಮ್ಮಾಕಿ ಕೈ ಗೊ‌ತ್ತಿಲ್ಲಲ್ರಿ ಅಕ್ಕೋರ" ಎಂದರು.

ಅಷ್ಟೇ. ಬೇರೆ ಏನೂ ಕೇಳಲಿಲ್ಲ. ಇದೂ ಒಂದು ನಡೆಯೇ ಇರಬೇಕು, ಸೋತಂತೆ ಮಾಡಿ ಇಲ್ಲಿಗೆ ತಂದು ನಿಲ್ಲಿಸಿದ್ದಾರೆ ಎಂದು ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಬಾಣಂತನ ಮುಗಿದ ಮೇಲೆ ಮಗಳನ್ನು ತವರಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಅವರು ಅದನ್ನು ಮೊದಲೇ ಲೆಕ್ಕ ಹಾಕಿದ್ದರೇ? ಇರಬಹುದು. ಇವತ್ತಿಗೂ ನನಗೆ ಖಾತ್ರಿಯಿಲ್ಲ. ಆದರೆ ಆ ಮರಿಗೆ ನಮ್ಮವ್ವನ ಕೈಯೂ ಗೊತ್ತಿರಲಿಲ್ಲ. ಮನೆಗೆ ಬಂದು ಬೆಕ್ಕಿನ ಪಕ್ಕ ಕೂತಾಗ, ಅವರಿಗೆ ಬೇಕಾದದ್ದೂ ನನಗೆ ಬೇಕಾದದ್ದೂ ಒಂದೇ ಎನ್ನುವುದು ತಿಳಿಯಿತು. ನನಗೆ ಗಂಡನಿದ್ದಾರೆ, ಶಾಲೆಯಿದೆ, ಜಗಳಾಡಲು ಹಾಲಿನವನಿದ್ದಾನೆ. ಅವರಿಗೆ?

ರವಿವಾರ ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ, ಮುಖ ಮುಚ್ಚದೆ, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಮರಿಯನ್ನು ಮನೆಯಲ್ಲಿ ಉಳಿಸಿಕೊಂಡೆ. ಚಾಚಾ ಬಾಗಿಲಲ್ಲಿ ನಿಂತು ನೋಡಿದರು. ಬುಟ್ಟಿಯನ್ನು ಒಳಗಿನ ಕೋಣೆಯ ನೆಲದ ಮೇಲಿಟ್ಟೆ.

ಬೆಕ್ಕು ಇಳಿಯಿತು. ಗೋಡೆ ಮೂಸಿತು, ನೀರಿನ ಕೊಡ ಮೂಸಿತು, ಹೊಲಿಗೆಯಂತ್ರದ ಕಾಲುಗಳನ್ನು ಮೂಸಿತು. ಚಾಚಾರ ಪಾದದ ಹತ್ತಿರ ಬಂದು ನಿಂತು, ಅವರನ್ನೂ ದಾಟಿ ಹೋಯಿತು. ಎಲ್ಲಿ ಬಾಗಿಲಿಗೆ ಓಡುತ್ತದೋ ಎಂದು ಇಬ್ಬರೂ ಕಾಯುತ್ತಿದ್ದೆವು. ಮೂಲೆಯ ಟ್ರಂಕಿನ ಮೇಲೆ ಒಂದು ಕೌದಿ ಮಡಿಸಿ ಇಟ್ಟಿತ್ತು, ಚಾಚಿ ಹಾಸಿಗೆ ಹಿಡಿದಾಗ ಹೊದ್ದದ್ದು. ಬೆಕ್ಕು ಟ್ರಂಕಿನ ಮೇಲೆ ಹಾರಿ, ಕೌದಿಗೆ ಮೂಗು ಒತ್ತಿ, ಎಷ್ಟೋ ಹೊತ್ತು ಹಾಗೇ ನಿಂತಿತು. ಆಮೇಲೆ ಮುಂಗಾಲುಗಳಿಂದ ಅದನ್ನು ನಾದತೊಡಗಿತು, ಮರಿಗಳು ಮೊಲೆ ಕುಡಿಯುವಾಗ ಮಾಡುವ ಹಾಗೆ. ಚಾಚಾ ಗೋಡೆಯ ಕಡೆ ತಿರುಗಿದರು. ಅವರ ಬೆನ್ನು ಅಲುಗುತ್ತಿತ್ತು.

ಎಲ್ಲಿ ನೋಡುವುದೆಂದು ತಿಳಿಯದೆ ನಾನು ಕೌದಿಯನ್ನೇ ನೋಡಿದೆ. ಅಂಗಡಿಯಲ್ಲಿ ಉಳಿದ ತುಂಡುಗಳನ್ನೆಲ್ಲ ಜೋಡಿಸಿ ಚಾಚಿ ಹೊಲಿದದ್ದು. ನಡುವೆ ಒಂದು ಕಡೆ ಹಸಿರು ಬಟ್ಟೆಯ ಮೇಲೆ ಹಳದಿ ಚುಕ್ಕಿ. ಅದು ನಾನು ಹಿಂದೊಮ್ಮೆ ಚಾಚಾರ ಅಂಗಡಿಗೆ ಹೊಲಿಯಲು ಕೊಟ್ಟಿದ್ದ ರವಿಕೆಯ ಬಟ್ಟೆ. ಬಟ್ಟೆ ಎಷ್ಟು ಬೇಕೋ ಅಷ್ಟೇ ಆಯಿತು, ಒಂದು ತುಂಡೂ ಉಳಿಯಲಿಲ್ಲ ಎಂದು ಚಾಚಾ ಅಂದು ಆಣೆ ಮಾಡಿ ಹೇಳಿದ್ದರು.

"ಏನ್ ನೋಡಾಕತ್ತೀರಿ ಅಕ್ಕೋರ?" ಎಂದರು, ಕಣ್ಣೊರೆಸಿಕೊಂಡು.

"ಏನಿಲ್ರಿ" ಎಂದೆ.

ಬೆಕ್ಕು ಆ ಹಸಿರು ತುಂಡಿನ ಮೇಲೆಯೇ ಸುರುಳಿ ಸುತ್ತಿ ಮಲಗಿತು. ಅದು ಕಣ್ಣು ಮುಚ್ಚುವವರೆಗೂ ನಿಂತಿದ್ದು, ಬುಟ್ಟಿಯನ್ನು ಅಲ್ಲೇ ಬಿಟ್ಟು ಬಸ್ಸಿಗೆ ಹೊರಟೆ.